ಮುಂದಿನ ಸಂಖ್ಯೆ ಬರೆಯುವ ಮೊದಲು

ಪುಟ್ಟಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಮಾನಸಿಕ ಸಾಮರ್ಥ್ಯದ ಮಾದರಿ ಪತ್ರಿಕೆ ನೋಡಿದೆ. ಸಂಖ್ಯಾ ಸರಣಿಯಲ್ಲಿ ಕಳೆದುಕೊಂಡಿರುವ ಅಂಕಗಳು ಗೊತ್ತಿಲ್ಲದೆ ಹೋದವಲ್ಲ, ಅವಸರಕ್ಕೆ ಹೋದವು. ಮೂರು ಸಂಖ್ಯೆ ನೋಡುತ್ತಲೇ ನಿಯಮ ಸಿಕ್ಕಿಬಿಟ್ಟಿತು ಅಂದುಕೊಂಡಿದ್ದೀಯ. ನಾಲ್ಕನೆಯದು ಅದಕ್ಕೆ ಒಪ್ಪುತ್ತದೋ ಇಲ್ಲವೋ ಅಂತ ತಿರುಗಿ ನೋಡಿಲ್ಲ. ಕೋಚಿಂಗಿನಲ್ಲಿ ಅದ್ಯಾವುದೋ ಟ್ರಿಕ್ಸ್ ಪುಸ್ತಕ ಕೊಟ್ಟಿದ್ದಾರೆ ಅಂತ ನಿಮ್ಮಮ್ಮ ಹೇಳಿದಳು. ಓದು, ಬೇಡ ಅನ್ನುವುದಿಲ್ಲ. ಆದರೆ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿಯೇ ನಿವೃತ್ತಳಾದ ದೊಡ್ಡಮ್ಮ ನಾನು. ಆ ಪುಸ್ತಕದಲ್ಲಿ ಇಲ್ಲದ ನಾಲ್ಕು ಮಾತು ನನ್ನಲ್ಲೂ ಇವೆ.

ಬಿಡಿ ಬಿಡಿ ಉದಾಹರಣೆ ನೋಡಿ ಅವಕ್ಕೆಲ್ಲ ಒಪ್ಪುವ ಒಂದು ನಿಯಮ ಕಂಡುಕೊಳ್ಳುವುದಕ್ಕೆ ಅನುಗಮನ ತರ್ಕ ಅನ್ನುತ್ತಾರೆ. ಅದಿಲ್ಲದೆ ಗಣಿತದಲ್ಲಿ ಹೊಸದೇನೂ ಹುಟ್ಟುವುದಿಲ್ಲ. ಹಾಗಾಗಿ ಊಹೆ ಮಾಡಲು ಹೆದರಬೇಡ, ಧಾರಾಳವಾಗಿ ಮಾಡು. ಆದರೆ ಕೈಗೆ ಸಿಕ್ಕಿರುವುದು ಇನ್ನೂ ಊಹೆ ಮಾತ್ರ ಅನ್ನುವುದು ತಲೆಯಲ್ಲಿರಲಿ. ಅದು ನಿಯಮ ಆಗಬೇಕಾದರೆ ಆ ಸಂಖ್ಯೆಗಳು ಎಲ್ಲಿಂದ ಬಂದವು ಅಂತ ಕೇಳಲೇಬೇಕು.

ರಂಗೋಲಿಯಿಂದಲೇ ಶುರು ಮಾಡುತ್ತೇನೆ, ಚುಕ್ಕಿ ಇಡುವುದರಲ್ಲಿ ನಿನ್ನ ಕೈ ನನ್ನದಕ್ಕಿಂತ ಚುರುಕು. ಪುಸ್ತಕದಲ್ಲಿ '7ರಿಂದ 4, ಸಂದು ಚುಕ್ಕಿ' ಅಂತ ಬರೆದಿರುತ್ತದಲ್ಲ? ನಡುವಿನ ಸಾಲಿಗೆ 7. ಅದರ ಮೇಲೂ ಕೆಳಗೂ ಸಂದಿಗೆ ಸರಿಯಾಗಿ 6, 5, 4. ಒಟ್ಟು ಎಷ್ಟಾಯಿತು? ನಡುವಿನ 7, ಮೇಲಿನ 15, ಕೆಳಗಿನ 15, ಅಂದರೆ 37. ಅದಕ್ಕಿಂತ ಚಿಕ್ಕದು '5ರಿಂದ 3'. ಅದರಲ್ಲಿ 19 ಚುಕ್ಕಿ. ಇನ್ನೂ ಚಿಕ್ಕದು '3ರಿಂದ 2', ಅದರಲ್ಲಿ 7. ತೀರಾ ಚಿಕ್ಕದೆಂದರೆ ಒಂಟಿ ಚುಕ್ಕಿ. ಸಾಲಾಗಿ ಬರೆದರೆ 1, 7, 19, 37. ಇದೇ ಪರೀಕ್ಷೆಯಲ್ಲಿ ಬಂದರೆ ನೀನು ಏನು ಮಾಡುತ್ತೀ? ವ್ಯತ್ಯಾಸ ತೆಗೆಯುತ್ತೀ: 6, 12, 18. ಹಾಗಾದರೆ ಮುಂದಿನ ವ್ಯತ್ಯಾಸ 24, ಮುಂದಿನ ಸಂಖ್ಯೆ 61. '9ರಿಂದ 5' ಇಟ್ಟು ಎಣಿಸು: 9, ಜೊತೆಗೆ ಎರಡೂ ಕಡೆ 26ರಂತೆ 52. ಸರಿಯಾಗಿ 61.

ಇಲ್ಲಿಯವರೆಗೆ ಎಲ್ಲರೂ ಬರುತ್ತಾರೆ. ನೀನು ಒಂದು ಹೆಜ್ಜೆ ಮುಂದೆ ಹೋಗು. ವ್ಯತ್ಯಾಸ ಆರಾರೇ ಯಾಕೆ ಹೆಚ್ಚುತ್ತದೆ? ಉತ್ತರ ಅಂಗಳದಲ್ಲೇ ಇದೆ. ನಡುವಿನ ಚುಕ್ಕಿಯ ಸುತ್ತ ನೋಡು: ಮೊದಲ ಸುತ್ತಿನಲ್ಲಿ 6 ಚುಕ್ಕಿ, ಎರಡನೇ ಸುತ್ತಿನಲ್ಲಿ 12, ಮೂರನೇ ಸುತ್ತಿನಲ್ಲಿ 18. ಪ್ರತಿ ಸುತ್ತಿಗೂ ಆರು ಬದಿ. ಹೊರಗಿನ ಸುತ್ತಿಗೆ ಹೋದಂತೆ ಪ್ರತಿ ಬದಿಯಲ್ಲೂ ಒಂದೊಂದು ಚುಕ್ಕಿ ಹೆಚ್ಚಾಗುತ್ತದೆ. ಇಷ್ಟು ಕಂಡ ಮೇಲೆ '15ರಿಂದ 8' ಇಟ್ಟರೆ ಎಷ್ಟು ಚುಕ್ಕಿ ಅಂತ ಹೇಳಲು ಎಣಿಸಬೇಕಾಗಿಲ್ಲ. ನಡುವೆ ಒಂದು, ಸುತ್ತ ಏಳು ಸುತ್ತು. 1ರಿಂದ 7ರವರೆಗೆ ಕೂಡಿದರೆ 28, ಅದರ ಆರರಷ್ಟು 168, ನಡುವಿನದೂ ಸೇರಿ 169. (169 ಅಂದರೆ 13ರ ವರ್ಗ. ಆ ಒಂದೇ ಸಂಖ್ಯೆ ನೋಡಿದವರು ಇದು ಚೌಕದ ರಂಗೋಲಿ ಅಂದಾರು! ಒಂದು ಸಂಖ್ಯೆಯಿಂದ ನಿಯಮ ಹೇಳುವವರ ಮಾತು ನಂಬಬೇಡ.)

ಅದೇ ಸಂಖ್ಯೆಗಳನ್ನು ಇನ್ನೊಂದು ರೀತಿ ಹಿಡಿದು ನೋಡು. ಒಂದರ ಮೇಲೊಂದು ಕೂಡುತ್ತಾ ಹೋಗು: 1, 1+7=8, 8+19=27, 27+37=64. ಘನ ಸಂಖ್ಯೆಗಳು! ರಂಗೋಲಿಗೂ ಘನಕ್ಕೂ ಏನು ಸಂಬಂಧ ಅನ್ನಿಸುತ್ತದಲ್ಲ? ಪಕ್ಕಕ್ಕೆ ನಾಲ್ಕು, ಒಳಕ್ಕೆ ನಾಲ್ಕು, ಎತ್ತರಕ್ಕೆ ನಾಲ್ಕರಂತೆ 64 ಮರದ ತುಂಡು ಜೋಡಿಸಿದ ಒಂದು ಘನ ಇದೆ ಅಂದುಕೋ. ಒಂದು ಮೂಲೆಯ ಎದುರು ನಿಂತರೆ ಮೂರು ಮುಖ ಕಾಣುತ್ತವೆ. ಆ ಮೂರು ಮುಖಗಳ ತುಂಡುಗಳನ್ನೆಲ್ಲ ತೆಗೆದರೆ ಉಳಿಯುವುದು ಮೂರು-ಮೂರು-ಮೂರರ ಘನ, ಅಂದರೆ 27 ತುಂಡು. ತೆಗೆದದ್ದು 37. ತೆಗೆಯುವ ಮೊದಲು ಆ 37 ತುಂಡುಗಳು ಮೂಲೆಯಿಂದ ಕಂಡ ಆಕಾರ ಆರು ಬದಿಯದೇ, ನಿನ್ನ '7ರಿಂದ 4'ರದೇ. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸುವುದು ಕಷ್ಟ. ಸಕ್ಕರೆ ಕ್ಯೂಬಿನ ಡಬ್ಬಿ ಸಿಕ್ಕರೆ ಮೇಜಿನ ಮೇಲೆ ಜೋಡಿಸಿ ನೋಡು.

ಈಗ ಪರೀಕ್ಷೆಯ ಮಾತು. ಸರಣಿ ಬಂದರೆ ಮೊದಲು ವ್ಯತ್ಯಾಸ ತೆಗೆ. ಅದು ಸಮನಾಗಿದ್ದರೆ ನೀನು ಹತ್ತನೇ ತರಗತಿಯಲ್ಲಿ ಓದಿದ ಸಮಾಂತರ ಶ್ರೇಢಿ, ಅಲ್ಲಿಗೆ ಮುಗಿಯಿತು. ಇಲ್ಲವಾದರೆ ವ್ಯತ್ಯಾಸಗಳ ವ್ಯತ್ಯಾಸ ತೆಗೆ. ಸಂಖ್ಯೆಗಳು ಬೇಗ ಬೇಗ ದೊಡ್ಡದಾಗುತ್ತಿದ್ದರೆ ಗುಣಾಕಾರ ಇದೆಯೇ ನೋಡು. ಒಮ್ಮೆ ಏರಿ ಒಮ್ಮೆ ಇಳಿಯುತ್ತಿದ್ದರೆ ಎರಡು ಸರಣಿಗಳನ್ನು ಹೆಣೆದಿರಬಹುದು, ಒಂದು ಬಿಟ್ಟು ಒಂದು ಓದು. ಇವೆಲ್ಲ ಆ ಪುಸ್ತಕದಲ್ಲೂ ಇರುತ್ತವೆ. ನಾನು ಹೇಳುವುದು ಅದರ ಮುಂದಿನದು. 5, 11, 24, 51, 106 ತೆಗೆದುಕೋ. ಎರಡರಿಂದ ಗುಣಿಸಿ 1, 2, 3, 4 ಕೂಡುತ್ತಾ ಬಂದಿದ್ದಾರೆ ಅಂತ ಒಬ್ಬಳು ಹೇಳುತ್ತಾಳೆ: ಮುಂದಿನದು 106ರ ಎರಡರಷ್ಟು 212, ಅದಕ್ಕೆ 5 ಸೇರಿಸಿ 217. ಇನ್ನೊಬ್ಬಳು ವ್ಯತ್ಯಾಸ ತೆಗೆಯುತ್ತಾಳೆ: 6, 13, 27, 55. ಪ್ರತಿಯೊಂದೂ ಹಿಂದಿನದರ ಎರಡರಷ್ಟಕ್ಕೆ ಒಂದು ಹೆಚ್ಚು. ಮುಂದಿನ ವ್ಯತ್ಯಾಸ 111, ಉತ್ತರ 217. ಎರಡು ದಾರಿ ಒಂದೇ ಮನೆಗೆ ಬಂದರೆ ಧೈರ್ಯವಾಗಿ ಗುರುತು ಹಾಕು. ಬೇರೆ ಬೇರೆ ಮನೆಗೆ ಹೋದರೆ ಪೆನ್ನು ತಡೆ.

ಒಂದು ಊಹೆ ಒಳ್ಳೆಯದೋ ಅಲ್ಲವೋ ಅಂತ ತೂಗುವುದಕ್ಕೆ ನನ್ನದೊಂದು ಒರಟು ಲೆಕ್ಕ ಇದೆ. ಐದು ಸಂಖ್ಯೆಗಳನ್ನು ವಿವರಿಸಲು ಒಂದೇ ಮಾತು ಸಾಕಾದರೆ ಅದು ನಿಯಮದಂತೆ ಕಾಣುತ್ತದೆ. ಮೊದಲು 3 ಕೂಡಿ, ಆಮೇಲೆ 2ರಿಂದ ಗುಣಿಸಿ, ಆಮೇಲೆ 7 ಕಳೆದು ಅಂತ ಹೆಜ್ಜೆಗೊಂದು ಸಬೂಬು ಬೇಕಾದರೆ ಅದು ನಿಯಮವಲ್ಲ, ಸಬೂಬಿನ ಪಟ್ಟಿ. ಅಂಥ ಪಟ್ಟಿಯಿಂದ ಯಾವ ಉತ್ತರ ಬೇಕಾದರೂ ಹೊರಡಿಸಬಹುದು. 1, 2, 3, 4 ಆದ ಮೇಲೆ 29 ಬರುವ ಸೂತ್ರ ಬೇಕೇ? ಯಾವ ಸಂಖ್ಯೆಯನ್ನಾದರೂ ತೆಗೆದುಕೋ. ಅದರಿಂದ 1, 2, 3, 4ನ್ನು ಬೇರೆ ಬೇರೆಯಾಗಿ ಕಳೆದು, ಬಂದ ನಾಲ್ಕನ್ನೂ ಗುಣಿಸಿ, ಆ ಗುಣಲಬ್ಧಕ್ಕೆ ಮೂಲ ಸಂಖ್ಯೆಯನ್ನು ಕೂಡು. 1ರಿಂದ 4ರವರೆಗೆ ಗುಣಲಬ್ಧ ಸೊನ್ನೆಯಾಗಿ 1, 2, 3, 4 ಹಾಗೇ ಬರುತ್ತವೆ. 5ಕ್ಕೆ ಬಂದರೆ 4×3×2×1=24, ಅದಕ್ಕೆ 5 ಕೂಡಿದರೆ 29. ತಕರಾರು ಎತ್ತಲು ಸಂದೇ ಇಲ್ಲ! ಅದಕ್ಕೇ, 'ಮುಂದಿನ ಸಂಖ್ಯೆ ಯಾವುದು' ಅನ್ನುವ ಪ್ರಶ್ನೆಗೆ ಗಣಿತದ ಪ್ರಕಾರ ಒಂದೇ ಉತ್ತರ ಅಂತ ಇಲ್ಲ. ಪ್ರಶ್ನೆ ಬರೆದವರು ತೀರಾ ಸರಳವಾದದ್ದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ ಅನ್ನುವ ನಂಬಿಕೆಯ ಮೇಲೆ ಅದು ನಿಂತಿದೆ. ಪರೀಕ್ಷೆಯ ಹಾಲಿನಲ್ಲಿ ಈ ತತ್ವ ಕೆದಕುತ್ತಾ ಕೂರಬೇಡ ಮತ್ತೆ. ಅಲ್ಲಿ ಸರಳವಾದದ್ದೇ ಉತ್ತರ.

ಇನ್ನು, ಊಹೆಯನ್ನು ಪರೀಕ್ಷಿಸುವಾಗ ಮನಸ್ಸು ನಮಗೇ ಮೋಸ ಮಾಡುತ್ತದೆ. 1960ರಲ್ಲಿ ಲಂಡನ್ನಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ ಒಂದು ಪ್ರಯೋಗ ಪ್ರಕಟಿಸಿದ. ಕಾಲೇಜು ವಿದ್ಯಾರ್ಥಿಗಳಿಗೆ 2, 4, 6 ಅಂತ ಮೂರು ಸಂಖ್ಯೆ ಕೊಟ್ಟು, ಇವು ಒಂದು ನಿಯಮಕ್ಕೆ ಸರಿಹೊಂದುತ್ತವೆ, ಆ ನಿಯಮ ಕಂಡುಹಿಡಿಯಿರಿ ಅಂದ. ನೀವೂ ಮೂರು ಮೂರು ಸಂಖ್ಯೆ ಹೇಳಿ, ಸರಿಹೊಂದುತ್ತದೋ ಇಲ್ಲವೋ ನಾನು ಹೇಳುತ್ತೇನೆ. ಖಾತ್ರಿಯಾದಾಗ ನಿಯಮ ತಿಳಿಸಿ. ಹೆಚ್ಚಿನವರು 8, 10, 12 ಅಂದರು. ಹೌದು ಅಂದ. 20, 22, 24 ಅಂದರು. ಅದಕ್ಕೂ ಹೌದು. 'ಎರಡೆರಡೇ ಹೆಚ್ಚುವ ಸಮ ಸಂಖ್ಯೆಗಳು' ಅಂತ ಖಾತ್ರಿಯಿಂದ ಹೇಳಿದರು. ತಪ್ಪಾಗಿತ್ತು. ವೇಸನ್‌ನ ನಿಯಮ ಬರೀ ಇಷ್ಟು: ಮೂರು ಸಂಖ್ಯೆಗಳು ಏರುತ್ತಾ ಹೋಗಬೇಕು. 1, 7, 100 ಅಂದಿದ್ದರೂ ಹೌದು ಅನ್ನುತ್ತಿದ್ದ. 6, 4, 2 ಅಂದಿದ್ದರೆ ಇಲ್ಲ ಅನ್ನುತ್ತಿದ್ದ. 1, 7, 100ಕ್ಕೆ ಬರುವ ಆ ಒಂದು 'ಹೌದು', ಊಹೆಗೆ ಒಪ್ಪುವ ಹತ್ತು 'ಹೌದು'ಗಳಿಗಿಂತ ಹೆಚ್ಚು ಹೇಳುತ್ತಿತ್ತು. ಆದರೆ ತಮ್ಮ ಊಹೆ ಮುರಿಯುವಂಥ ಸಂಖ್ಯೆ ಕೇಳಬೇಕು ಅಂತ ಬಹಳ ಜನಕ್ಕೆ ತೋಚಲೇ ಇಲ್ಲ.

ನಿನ್ನ ಪತ್ರಿಕೆಯಲ್ಲಿ ನನಗೆ ಕಂಡದ್ದೂ ಇದೇ. ಮೊದಲ ಮೂರು ಸಂಖ್ಯೆಯಿಂದ ನಿಯಮ ಮಾಡಿ, ಅದೇ ಮೂರರ ಮೇಲೆ ತಿರುಗಿ ಹಾಕಿ ನೋಡಿ ಸಮಾಧಾನಪಟ್ಟಿದ್ದೀಯ. ಊಹೆ ಮಾಡಲು ಬಳಸಿದ ಸಂಖ್ಯೆಗಳು ಅದಕ್ಕೆ ಸಾಕ್ಷಿ ಹೇಳಲಾರವು. ಕೊನೆಯ ಎರಡನ್ನು ಬೆರಳಿನಿಂದ ಮುಚ್ಚಿಕೋ, ಉಳಿದವುಗಳಿಂದ ಊಹಿಸು, ಆಮೇಲೆ ಬೆರಳು ತೆಗೆದು ನೋಡು. ಇಷ್ಟು ಮಾಡಿದರೆ ಸಾಕು, ನಿನ್ನ ಅಂಕ ಏರುತ್ತದೆ.

ಮುಂದಿನದು ಅಂಕದ ಆಸೆಗಲ್ಲ, ರುಚಿಗೆ. ಕ್ಯಾಲ್ಕುಲೇಟರ್ ಬದಿಗಿಟ್ಟು ಹಾಳೆಯ ಮೇಲೆ ಗುಣಿಸು. 11×11=121. 111×111=12321. 1111×1111=1234321. ಎಷ್ಟು ಚೆಂದ! ಏರಿ ಇಳಿಯುವ ಇಂಥ ಸಂಖ್ಯೆಗಳ ಹುಚ್ಚು ನಮ್ಮ ನಾಡಿನಲ್ಲಿ ಹಳೆಯದು. 850ರ ಸುಮಾರಿಗೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಗ್ರಂಥದ ಆರಂಭದಲ್ಲೇ ಆ ರಾಜನ ಸ್ತುತಿ ಇದೆ. ಗುಣಾಕಾರದ ಲೆಕ್ಕಗಳಲ್ಲಿ ಎರಡು ತುದಿಯಿಂದಲೂ ಒಂದೇ ರೀತಿ ಓದಿಸಿಕೊಳ್ಳುವ ಉತ್ತರಗಳನ್ನು ಅವನು ಬೇಕೆಂದೇ ಇಟ್ಟಿದ್ದಾನೆ. 27994681ನ್ನು 441ರಿಂದ ಗುಣಿಸಿ ನೋಡು, 12345654321 ಬರುತ್ತದೆ. ಆರು ಒಂದುಗಳ ವರ್ಗ ಮಾಡಿದರೂ ಅದೇ ಬರುತ್ತದೆ.

ಹಾಗಾದರೆ ಒಂದುಗಳನ್ನು ಸೇರಿಸುತ್ತಾ ಹೋದಂತೆ ಈ ಚೆಲುವು ಕೊನೆಯವರೆಗೂ ನಡೆಯುತ್ತದೆಯೇ? ಒಂಬತ್ತು ಒಂದುಗಳವರೆಗೆ ಹಾಕಿ ನೋಡಿದವರು ಹೌದು ಅಂತ ಆಣೆ ಮಾಡಿಯಾರು: 12345678987654321. ಹತ್ತು ಒಂದುಗಳ ವರ್ಗ ಮಾಡಿದರೆ ಬರುವುದು 1234567900987654321. ನಡುವೆ ಹದಗೆಟ್ಟಿತು, ಎಡಗಡೆಯ 8 ಕಾಣೆಯಾಯಿತು. ಯಾಕೆ ಅಂತ ತಿಳಿಯಲು ಪ್ರೈಮರಿ ಶಾಲೆಯಲ್ಲಿ ಮಾಡುತ್ತಿದ್ದಂತೆ ಗುಣಾಕಾರವನ್ನು ಒಂದರ ಕೆಳಗೊಂದು ಬರೆ. 111ನ್ನು 111ರಿಂದ ಗುಣಿಸುವಾಗ ಮೂರು ಸಾಲು 111, ಒಂದೊಂದು ಸ್ಥಾನ ಎಡಕ್ಕೆ ಸರಿದು ನಿಲ್ಲುತ್ತವೆ. ಕಂಬಸಾಲುಗಳಲ್ಲಿ ಎಷ್ಟೆಷ್ಟು ಒಂದುಗಳಿವೆ? ಒಂದು, ಎರಡು, ಮೂರು, ಎರಡು, ಒಂದು. ಉತ್ತರ ಅಂದರೆ ಆ ಎಣಿಕೆಯೇ, ಇನ್ನೇನೂ ಅಲ್ಲ. ಹತ್ತು ಸಾಲಾದಾಗ ನಡುವಿನ ಕಂಬಸಾಲಿನಲ್ಲಿ ಹತ್ತು ಒಂದುಗಳು ಬೀಳುತ್ತವೆ. ಸೊನ್ನೆ ಬರೆದು ದಶಕ ಎಡಕ್ಕೆ ಹೋಗಬೇಕು. ಅಲ್ಲಿ 9 ಇತ್ತು, ಅದೂ ಹತ್ತಾಯಿತು, ಅಲ್ಲಿಂದಲೂ ದಶಕ ಹೊರಟಿತು. ಅದರ ಎಡಗಡೆಯ 8 ಹೋಗಿ 9 ಆಯಿತು. ಕಾರಣ ಗೊತ್ತಾದವಳಿಗೆ ನಿಯಮ ಯಾಕೆ ನಡೆಯುತ್ತದೆ ಅನ್ನುವುದರ ಜೊತೆಗೆ ಎಲ್ಲಿ ನಿಲ್ಲುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಒಂಬತ್ತು ಸಲ ಹಾಕಿ ನೋಡಿದವರಿಗೆ ಅದು ಗೊತ್ತಾಗುವುದಿಲ್ಲ.

ಬರೀ ಹೆಚ್ಚು ಉದಾಹರಣೆ ಹಾಕಿ ನೋಡಿದರೆ ಸಾಕಲ್ಲವೇ ಅಂತೀಯೇನೋ. ಗಣಿತಜ್ಞ ಆಯ್ಲರ್ 1772ರಲ್ಲಿ ತೋರಿಸಿದ ಒಂದು ಲೆಕ್ಕವನ್ನು ಈಗ ಹೀಗೆ ಹೇಳುತ್ತಾರೆ: ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯನ್ನೂ 41ನ್ನೂ ಕೂಡು. ಸೊನ್ನೆಯಿಂದ 39ರವರೆಗೆ ಪ್ರತಿ ಸಲವೂ ಅವಿಭಾಜ್ಯ ಸಂಖ್ಯೆಯೇ ಬರುತ್ತದೆ. 40ಕ್ಕೆ ಬಂದಾಗ 1681, ಅಂದರೆ 41×41.

ಈಗ ಕನ್ನಡ ಪಾಠಕ್ಕೆ ಬಾ. ಹೈಸ್ಕೂಲಿನಲ್ಲಿ ಲಘು-ಗುರು ಹಾಕಿ ಪ್ರಸ್ತಾರ ಮಾಡುವಾಗ ಗೊಣಗುತ್ತಿದ್ದೆಯಲ್ಲ, ಅದರಲ್ಲಿ ಒಳ್ಳೆಯ ಗಣಿತ ಅಡಗಿದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಒಂದು ಮಾತ್ರೆಯನ್ನು ತುಂಬಲು ಒಂದೇ ದಾರಿ. ಎರಡು ಮಾತ್ರೆಗೆ ಎರಡು ದಾರಿ: ಎರಡು ಲಘು, ಇಲ್ಲವೇ ಒಂದು ಗುರು. ಮೂರು ಮಾತ್ರೆಗೆ ಮೂರು: 'ಕಮಲ', 'ರಮಾ', 'ರಾಮ'. ನಾಲ್ಕು ಮಾತ್ರೆಗೆ? ನಾಲ್ಕು ಅನ್ನಲು ನಾಲಗೆ ತುರಿಸುತ್ತದೆ. ಬರೆದು ನೋಡು: 'ಸರಸರ', 'ರಾಮನ', 'ಮಹೇಶ', 'ಕಮಲಾ', 'ರಾಧಾ'. ಐದಾಯಿತು. ಚತುರ್ಮಾತ್ರಾ ಗಣದಲ್ಲಿ ಐದು ಬಗೆ ಅಂತ ನೀನು ಬಾಯಿಪಾಠ ಮಾಡಿದ್ದು ಇದೇ. ಐದು ಮಾತ್ರೆಗೆ ಎಂಟು ಬಗೆ.

ಯಾಕೆ? ಕೊನೆಯ ಅಕ್ಷರದ ಮೇಲೆ ಬೆರಳಿಡು. ಅದು ಲಘುವಾಗಿದ್ದರೆ ಅದರ ಹಿಂದೆ ನಾಲ್ಕು ಮಾತ್ರೆ ತುಂಬಬೇಕು, ಅದಕ್ಕೆ ಐದು ದಾರಿ. ಗುರುವಾಗಿದ್ದರೆ ಹಿಂದೆ ಮೂರು ಮಾತ್ರೆ, ಅದಕ್ಕೆ ಮೂರು ದಾರಿ. ಒಟ್ಟು ಎಂಟು. ಯಾವ ಸಾಲಿಗಾದರೂ ಹಿಂದಿನ ಎರಡನ್ನು ಕೂಡಿದರಾಯಿತು: 1, 2, 3, 5, 8, 13, 21. ಇಲ್ಲಿ ಬೆರಳು ಮುಚ್ಚಿ ನೋಡುವ ಕೆಲಸವೇ ಬೇಡ. ಸೂತ್ರ ಹೇಗೆ ಹುಟ್ಟಿತು ಅಂತ ಕಂಡಾಯಿತು, ನೂರನೇ ಸಾಲಿಗೂ ಅದೇ ಮಾತು. ಜಗತ್ತು ಇದನ್ನು ಫಿಬೊನಾಚಿಯ ಹೆಸರಿನಲ್ಲಿ ಕರೆಯುತ್ತದೆ. ಅವನ ಪುಸ್ತಕ ಬಂದದ್ದು 1202ರಲ್ಲಿ. ಗುಜರಾತಿನ ಹೇಮಚಂದ್ರ 1150ರ ಸುಮಾರಿಗೇ ಮಾತ್ರೆಗಳ ಲೆಕ್ಕದಲ್ಲಿ ಈ ನಿಯಮ ಹೇಳಿದ್ದ. ಅವನಿಗೂ ಹಿಂದೆ ವಿರಹಾಂಕ ಹೇಳಿದ್ದ. ಪದ್ಯ ಕಟ್ಟುವವರಿಗೆ ಎಷ್ಟು ಬಗೆಯ ಗಣ ಇವೆ ಅಂತ ತಿಳಿಯಬೇಕಿತ್ತು, ಅದಕ್ಕೆ ಎಣಿಸಿದರು. ಅಗತ್ಯಕ್ಕೆ ಹುಟ್ಟಿದ ಗಣಿತ ನನಗೆ ಯಾವತ್ತೂ ಹೆಚ್ಚು ಹಿಡಿಸುತ್ತದೆ.

1, 2, 3, 5. ಮುಂದೆ 8 ಅನ್ನುತ್ತೀ ಈಗ. ಸ್ವಲ್ಪ ತಡೆ. ಕೈಯಲ್ಲಿ 4 ರೂಪಾಯಿ ಇದೆ. ಅದನ್ನು ಎಷ್ಟು ರೀತಿ ಗುಡ್ಡೆ ಮಾಡಿಡಬಹುದು? 4 ಒಂದೇ ಗುಡ್ಡೆ; 3 ಮತ್ತು 1; 2 ಮತ್ತು 2; 2, 1, 1; 1, 1, 1, 1. ಐದು ರೀತಿ. ಗುಡ್ಡೆಗಳನ್ನು ಹಿಂದೆ ಮುಂದೆ ಮಾಡಿದರೆ ಬೇರೆ ಅಂತ ಲೆಕ್ಕವಿಲ್ಲ. 1, 2, 3 ರೂಪಾಯಿಗೆ ಕ್ರಮವಾಗಿ 1, 2, 3 ರೀತಿ. ಅದೇ 1, 2, 3, 5! ಆದರೆ 5 ರೂಪಾಯಿಗೆ 8 ಅಲ್ಲ, 7 ರೀತಿ. 6ಕ್ಕೆ 11. ಓಹೋ, ಹಾಗಾದರೆ ಅವಿಭಾಜ್ಯ ಸಂಖ್ಯೆಗಳೇ ಇರಬೇಕು, ಮುಂದಿನದು 13 ಅಂದೆಯಾ? 7 ರೂಪಾಯಿಗೆ 15 ರೀತಿ. ಒಂದೇ ಮುಖದ ನಾಲ್ಕು ಸಂಖ್ಯೆ ಕೊಟ್ಟರೆ ಅವು ಪ್ರಸ್ತಾರದಿಂದ ಬಂದವೋ ಗುಡ್ಡೆಯಿಂದ ಬಂದವೋ ಅಂತ ಮುಖ ನೋಡಿ ಹೇಳಲಾಗುವುದಿಲ್ಲ.

ಈ ಗುಡ್ಡೆ ಲೆಕ್ಕದಲ್ಲಿ ಶ್ರೀನಿವಾಸ ರಾಮಾನುಜನ್ ಮಾಡಿದ್ದನ್ನು ಹೇಳದೆ ಬಿಡಲು ಮನಸ್ಸಿಲ್ಲ. ಪರ್ಸಿ ಮ್ಯಾಕ್‌ಮೇಹನ್ ಅನ್ನುವ ಬ್ರಿಟಿಷ್ ಗಣಿತಜ್ಞ 200ರವರೆಗಿನ ಎಲ್ಲ ಸಂಖ್ಯೆಗಳಿಗೂ ಇದನ್ನು ಕೈಯಲ್ಲೇ ಲೆಕ್ಕ ಹಾಕಿ ಕೋಷ್ಟಕ ಮಾಡಿದ್ದರು. ಕೇಂಬ್ರಿಜಿನಲ್ಲಿದ್ದ ರಾಮಾನುಜನ್ ಆ ಸಾಲುಗಳನ್ನು ನೋಡುತ್ತಾ ಒಂದು ವಿಷಯ ಗಮನಿಸಿದರು. 4, 9, 14, 19, ಹೀಗೆ 4ರಿಂದ ಹಿಡಿದು ಐದೈದು ಬಿಟ್ಟು ನೋಡಿದರೆ ಗುಡ್ಡೆಗಳ ಎಣಿಕೆ 5, 30, 135, 490. ಎಲ್ಲವೂ 5ರಿಂದ ಭಾಗವಾಗುತ್ತವೆ. ಹಾಗೆಯೇ 5ರಿಂದ ಹಿಡಿದು ಏಳೇಳು ಬಿಟ್ಟರೆ 7ರಿಂದ ಭಾಗವಾಗುತ್ತವೆ. ಕೂಡುವುದನ್ನೇ ಎಣಿಸುವ ಲೆಕ್ಕದಲ್ಲಿ ಭಾಗಾಕಾರ ಎಲ್ಲಿಂದ ನುಸುಳಿತು? ಕೋಷ್ಟಕ ಎಲ್ಲರ ಮುಂದೂ ಇತ್ತು, ಇದು ಕಂಡದ್ದು ಅವರಿಗೆ. ಕಂಡದ್ದಷ್ಟೇ ಅಲ್ಲ, 1919ರಲ್ಲಿ ಪ್ರಕಟವಾದ ಲೇಖನದಲ್ಲಿ ಈ ಎರಡನ್ನೂ ಸಾಧಿಸಿ ತೋರಿಸಿದರು.

ಅದೇ ಉಮೇದಿನಲ್ಲಿ ಇನ್ನೂ ದೊಡ್ಡ ಊಹೆಯನ್ನೂ ಮುಂದಿಟ್ಟರು. 24ರಿಂದ ಹಿಡಿದು ಇಪ್ಪತ್ತೈದು ಬಿಟ್ಟು ನೋಡಿದರೆ 25ರಿಂದ ಭಾಗವಾಗುತ್ತದೆ. 99ರಿಂದ ಹಿಡಿದು ನೂರಿಪ್ಪತ್ತೈದು ಬಿಟ್ಟು ನೋಡಿದರೆ 125ರಿಂದ. 47ರಿಂದ ಹಿಡಿದು ನಲವತ್ತೊಂಬತ್ತು ಬಿಟ್ಟರೆ 49ರಿಂದ. ಹೀಗೇ 5, 7, 11ರ ಎಲ್ಲ ಘಾತಗಳಿಗೂ ನಡೆಯುತ್ತದೆ ಅಂತ ಅವರ ಊಹೆ. 7ರ ಮೂರನೇ ಘಾತ 343. ಅದನ್ನು ಒರೆಗೆ ಹಚ್ಚಬಹುದಾದ ಮೊದಲ ಸಂಖ್ಯೆ 243. ಕೋಷ್ಟಕ 200ಕ್ಕೇ ನಿಂತಿತ್ತು. 1920ರಲ್ಲಿ ರಾಮಾನುಜನ್ ತೀರಿಕೊಂಡರು. ಆಮೇಲೆ ಹಂಸರಾಜ್ ಗುಪ್ತಾ ಆ ಪಟ್ಟಿಯನ್ನು 300ರವರೆಗೆ ಬೆಳೆಸಿದರು. ಅದನ್ನು ನೋಡಿ 1934ರಲ್ಲಿ ಸರ್ವದಮನ್ ಚೌಲಾ, 243ರಲ್ಲಿ ಊಹೆ ಮುರಿಯುತ್ತದೆ ಅಂತ ತೋರಿಸಿದರು. 243ರ ಎಣಿಕೆ 133978259344888. ಕೂತು 7ರಿಂದ ಭಾಗಿಸು. ಮೊದಲ ಸಲ ಶೇಷವಿಲ್ಲದೆ ಹೋಗುತ್ತದೆ. ಎರಡನೇ ಸಲವೂ ಹೋಗುತ್ತದೆ. ಮೂರನೇ ಸಲ 5 ಉಳಿಯುತ್ತದೆ.

ಇಷ್ಟಕ್ಕೆ ರಾಮಾನುಜನ್ ಊಹೆ ಬಿದ್ದುಹೋಯಿತು ಅಂದುಕೊಳ್ಳಬೇಡ. 5ರ ಘಾತಗಳಿಗೆ ಅದು ನಿಜವೇ. 11ರ ಘಾತಗಳಿಗೂ ನಿಜ ಅಂತ 1967ರಲ್ಲಿ ಆಟ್‌ಕಿನ್ ಸಾಧಿಸಿದರು. 7ರದ್ದನ್ನು ತಿದ್ದಿ ಸರಿಯಾದ ರೂಪ ಕೊಟ್ಟವರು ವಾಟ್ಸನ್, 1938ರಲ್ಲಿ. ಅದರ ಪ್ರಕಾರ 343ರ ಸ್ಥಾನದಲ್ಲಿ ಖಚಿತವಾಗಿ ಸಿಗುವುದು 49 ಮಾತ್ರ. ಇಷ್ಟೂ ಜನರಿಗೆ ಕೆಲಸ ಹಚ್ಚಿದ್ದು ರಾಮಾನುಜನ್ ಊಹೆಯೇ. ಮುರಿಯುತ್ತದೇನೋ ಅಂತ ಅವರು ಬಾಯಿ ಮುಚ್ಚಿಕೊಂಡಿದ್ದರೆ 243ನ್ನು ತೆರೆದು ನೋಡಬೇಕು ಅಂತ ಯಾರಿಗೆ ತೋಚುತ್ತಿತ್ತು? ಅವರ ಜಾಣತನ ಇನ್ನೊಂದು ಕಡೆಯೂ ಇದೆ: ಸಾಧಿಸಿದ್ದು ಯಾವುದು, ಊಹಿಸಿದ್ದು ಯಾವುದು ಅಂತ ಬೇರೆ ಬೇರೆ ಮಾಡಿಯೇ ಬರೆದಿದ್ದರು. ನಿನ್ನ ರಫ್ ಹಾಳೆಯಲ್ಲೂ ಆ ಗೆರೆ ಇರಲಿ. ಖಾತ್ರಿಯಾದ ಉತ್ತರಕ್ಕೆ ಒಂದು ಗುರುತು, ಊಹೆಗೆ ಇನ್ನೊಂದು. ಕೊನೆಯ ಹತ್ತು ನಿಮಿಷ ಉಳಿದಾಗ ಎಲ್ಲಿಗೆ ತಿರುಗಿ ಹೋಗಬೇಕು ಅಂತ ಆ ಗುರುತೇ ಹೇಳುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಾದರೆ ಅದರ ಬೆಲೆ ಇನ್ನೂ ಹೆಚ್ಚು.

ಪತ್ರ ಉದ್ದವಾಯಿತು. ನಿನಗೊಂದು ಕೆಲಸ ಕೊಟ್ಟು ನಿಲ್ಲಿಸುತ್ತೇನೆ. ಒಂದು ಬಳೆ ತೆಗೆದುಕೊಂಡು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆ. ಹಾಳೆ ಎರಡು ಭಾಗವಾಯಿತು, ಒಳಗೊಂದು ಹೊರಗೊಂದು. ಅದನ್ನು ಕತ್ತರಿಸುವಂತೆ ಇನ್ನೊಂದು ವೃತ್ತ ಎಳೆದರೆ 4 ಭಾಗ. ಇವೆರಡನ್ನೂ ಕತ್ತರಿಸುವಂತೆ ಮೂರನೆಯದು ಎಳೆದರೆ 8. ಗಣಿತದ ಗಣಗಳ (ಸೆಟ್) ಪಾಠದಲ್ಲಿ ಬರೆದ ವೆನ್ ನಕ್ಷೆಯೇ ಇದು. 2, 4, 8. ಈಗ ನಾಲ್ಕನೇ ವೃತ್ತವನ್ನು ಮೊದಲ ಮೂರನ್ನೂ ಎರಡೆರಡು ಕಡೆ ಕತ್ತರಿಸುವಂತೆ ಎಳೆ. ಮೂರು ಗೆರೆ ಒಂದೇ ಬಿಂದುವಿನಲ್ಲಿ ಸೇರದಂತೆ ನೋಡಿಕೋ. ಪ್ರತಿ ಭಾಗದೊಳಗೂ ಒಂದೊಂದು ಅಂಕಿ ಬರೆಯುತ್ತಾ ಎಣಿಸು, ಹೊರಗಿನದನ್ನು ಮರೆಯಬೇಡ. 16 ಬಂದರೆ ಯಾವುದನ್ನೋ ಎರಡು ಸಲ ಎಣಿಸಿದ್ದೀಯ, ಇನ್ನೊಮ್ಮೆ ನೋಡು. 14 ಬಂದರೆ ಫೋನ್ ಮಾಡು. ಆದರೆ ಮಾಡುವ ಮೊದಲು, ನಾಲ್ಕನೇ ಬಳೆಯಿಂದ ಸರಿಯಾಗಿ ಆರೇ ಭಾಗ ಯಾಕೆ ಹೆಚ್ಚಾದವು ಅಂತ ಯೋಚಿಸಿಟ್ಟುಕೋ, ನಾನು ಕೇಳುವುದು ಅದನ್ನೇ.

ನಿನ್ನ ದೊಡ್ಡಮ್ಮ